ದೇವರ ಕಂಬಳಿಯಲ್ಲಿ ಹೊಲಿದ ಕುರಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಲಿಗೆ ಬರುತ್ತಿರಲಿಲ್ಲ. ಹೊಲಿಯುವ ಚಟ ಮಾತ್ರ ಇತ್ತು.

ಚಟ ತವರಿನಿಂದ ಬಂದದ್ದು. ಚಿತ್ರದುರ್ಗದ ಪೇಟೆಯಲ್ಲಿ ನಮ್ಮಪ್ಪನದು ಹೊಲಿಗೆ ಸಾಮಾನಿನ ಅಂಗಡಿ. ದಾರದ ಉಂಡೆ, ಗುಂಡಿ, ಲೇಸು, ಹುಕ್ಕು, ಸೀರೆಯ ಫಾಲ್ಸು ಇವುಗಳ ನಡುವೆಯೇ ಬೆಳೆದವಳು ನಾನು. ಯಾವ ಬಣ್ಣದ ಬಟ್ಟೆಗೆ ಯಾವ ನಂಬರಿನ ದಾರ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಇಷ್ಟು ಗೊತ್ತಿರುವವಳಿಗೆ ಹೊಲಿಯಲು ಬರುವುದೇನು ಮಹಾ ಎಂದು ನಾನೂ ಅಂದುಕೊಂಡಿದ್ದೆ, ಅಪ್ಪನೂ ಅಂದುಕೊಂಡಿದ್ದರು. ಮದುವೆಯಾಗಿ ಹೊಸದುರ್ಗಕ್ಕೆ ಬಂದಾಗ ಕಾಲಲ್ಲಿ ತುಳಿಯುವ ಮಿಷನ್ ಒಂದನ್ನು ಟೆಂಪೋದಲ್ಲಿ ಹಾಕಿಸಿ ಕಳಿಸಿದರು.

ಮೊದಲ ಮಗಳು ಹುಟ್ಟಿದಾಗ ಕುಲಾವಿ ಹೊಲಿದೆ. ಅದರಲ್ಲಿ ಒಂದು ಕಿವಿ ಮುಚ್ಚಿದರೆ ಇನ್ನೊಂದು ಹೊರಗೆ ಬರುತ್ತಿತ್ತು. ಆಮೇಲೆ ಫ್ರಾಕು ಹೊಲಿದೆ, ಎರಡೂ ತೋಳು ಎಡಗೈಯವು. ನನ್ನ ಮನೆಯವರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಅವರ ಹಳೆಯ ಟ್ರ್ಯಾಕ್ ಪ್ಯಾಂಟಿನಿಂದ ಮಗಳಿಗೆ ಸ್ಕೂಲ್ ಬ್ಯಾಗು ಮಾಡಿಕೊಟ್ಟೆ. ಅದನ್ನು ಹೆಗಲಿಗೆ ಹಾಕಿಕೊಂಡರೆ ಯಾರೋ ಅವಳ ಬೆನ್ನ ಮೇಲೆ ಕಾಲು ಚಾಚಿ ಕೂತ ಹಾಗೆ ಕಾಣುತ್ತಿತ್ತು. ಮಗ ಹುಟ್ಟಿದ ಮೇಲೆ ಅವನಿಗೊಂದು ಗೊಂಬೆ ಮಾಡಿದೆ. ಹೊಸದುರ್ಗದಲ್ಲಿ ತೆಂಗಿನ ನಾರಿಗೆ ಬರವಿಲ್ಲ, ಹೊಟ್ಟೆಗೆ ಅದನ್ನೇ ತುಂಬಿದೆ. ಎರಡನೇ ದಿನ ಗೊಂಬೆಯ ಮೂಗಿನಿಂದ ಇರುವೆ ಸಾಲಾಗಿ ಹೊರಟವು. ಹುಡುಗ ಈಗಲೂ ಗೊಂಬೆ ಕಂಡರೆ ನನ್ನ ಸೊಂಟಕ್ಕೆ ಹತ್ತುತ್ತಾನೆ.

ಮಗಳು ಮಾತು ಕಲಿತ ಮೇಲಂತೂ ನನ್ನ ಮರ್ಯಾದೆ ಪೂರ್ತಿ ಹೋಯಿತು. "ಅಂಗಡೀದು ಬೇಕು" ಎನ್ನುವುದು ಅವಳು ಸ್ಪಷ್ಟವಾಗಿ ಆಡಿದ ಮೊದಲ ಪೂರ್ಣ ವಾಕ್ಯ. ನಾನು ಬಿಡುವವಳಲ್ಲ. ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು, ಕತ್ತರಿ ಹಿಡಿದು ಕೂತರೆ ಮನೆಯಲ್ಲಿ ಪರದೆ, ದಿಂಬಿನ ಚೀಲ, ಲುಂಗಿ ಯಾವುದಕ್ಕೂ ಗ್ಯಾರಂಟಿ ಇರುತ್ತಿರಲಿಲ್ಲ. ಮನೆಯವರು ಸ್ಕೂಲಿಗೆ ಹೋಗುವಾಗ ತಮಗೆ ಬೇಕಾದ ಬಟ್ಟೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದರು.

ಇನ್ನು ಮಾವನ ವಿಷಯ. ಅವರು ಹಿರಿಯೂರು ತಾಲ್ಲೂಕಿನ ಐಮಂಗಲದ ಹತ್ತಿರದ ಹಳ್ಳಿಯವರು, ಕುರಿ ಕಾಯುವ ಮನೆತನ. ನಮ್ಮದು ಹಣೆಗೆ ವಿಭೂತಿ ಹಚ್ಚುವ ಮನೆ, ಅವರದು ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚುವ ಮನೆ. ಕಾಲೇಜಿನಲ್ಲಿ ಓದುವಾಗ ಚಂದ್ರವಳ್ಳಿಯ ಗುಹೆ ನೋಡುವ ನೆಪದಲ್ಲಿ ನಾನೂ ಮನೆಯವರೂ ಎಷ್ಟು ಸಲ ಹೋಗಿದ್ದೆವೆಂದರೆ ಅಲ್ಲಿನ ಕಾವಲುಗಾರ ನಮ್ಮ ಪರೀಕ್ಷೆಯ ರಿಸಲ್ಟ್ ಕೇಳುತ್ತಿದ್ದ. ಮದುವೆಗೆ ಎರಡೂ ಕಡೆಯವರು ಕಡೆಗೆ ಒಪ್ಪಿದರು. ಅತ್ತೆ ನನ್ನನ್ನು ಬಾಯಿತುಂಬ ಮಾತಾಡಿಸಿದರು. ಮಾವ ಮಾತ್ರ ನನ್ನೊಡನೆ ಮಾತಾಡಲಿಲ್ಲ. ಮಾತು ಬಿಟ್ಟಿದ್ದಲ್ಲ, ಶುರುವನ್ನೇ ಮಾಡಿರಲಿಲ್ಲ.

ಸಿಟ್ಟು ಅಂತ ಹೇಳಲಾರೆ. ನನ್ನ ಅಡುಗೆ ಉಣ್ಣುತ್ತಿದ್ದರು, ನಮ್ಮ ಮನೆಗೆ ಬಂದಾಗಲೆಲ್ಲ ಕಡಲೆಕಾಯಿಯೋ ಅವರೆಕಾಯಿಯೋ ತರುತ್ತಿದ್ದರು. ಆದರೆ ಹೇಳುವುದನ್ನೆಲ್ಲ ಮಗನಿಗೆ ಹೇಳುವರು, ಮೊಮ್ಮಗಳಿಗೆ ಹೇಳುವರು. ಯಾರೂ ಇಲ್ಲದಿದ್ದರೆ ಬಾಗಿಲಿಗೆ ಹೇಳುವರು: "ಒಂದ್ ಲೋಟ ನೀರು ಸಿಕ್ರೆ ಆಗ್ತಿತ್ತು." ನಾನು ನೀರು ತಂದುಕೊಟ್ಟು ಅದೇ ಬಾಗಿಲಿಗೆ "ಊಟಕ್ಕೆ ಏಳಬಹುದು" ಎನ್ನುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು. ನಮ್ಮ ಬಾಗಿಲಿಗೆ ಬಾಯಿ ಇದ್ದಿದ್ದರೆ ಅದು ಮನೆ ಬಿಟ್ಟು ಓಡಿ ಹೋಗುತ್ತಿತ್ತು.

ಕಳೆದ ವರ್ಷ ಹಳ್ಳಿಯ ಮನೆಗೆ ಹೊಸ ತಗಡಿನ ಶೀಟು ಹೊದಿಸಲು ಹಳೆಯ ಚಾವಣಿ ತೆಗೆಸಿದರು. ಇಲಿಗಳು ದಿಕ್ಕೆಟ್ಟು ಸಾಮಾನಿನ ಮೇಲೆ ಬಿದ್ದವು. ಮಾವ ಒಂದು ಗಂಟನ್ನು ಹೊತ್ತುಕೊಂಡು ಹೊಸದುರ್ಗಕ್ಕೆ ಬಂದರು. ಹಾಲ್‌ನಲ್ಲಿ ಇಳಿಸಿ, ನನ್ನ ಪಕ್ಕದಲ್ಲೇ ನಿಂತಿದ್ದ ಐದು ವರ್ಷದ ಮಗಳಿಗೆ ಹೇಳಿದರು.

"ನಿಮ್ಮವ್ವಂಗೆ ಹೇಳವ್ವ. ಇದ್ರಾಗೆ ಎರ್ಡು ಕಂಬ್ಳಿ ಅವೆ. ಒಂದು ನಂದು, ಒಂದು ದೇವ್ರದು. ನಂದು ಬೇಕಾರೆ ಏನಾರ ಮಾಡ್ಕಳ್ಳಿ. ದೇವ್ರದು ಜ್ವಾಪಾನ. ನಮ್ಮಪ್ಪನ ಕಾಲ್ದಾಗಿಂದ ಗದ್ದಿಗೆಗೆ ಹಾಸಿರೋ ಕಂಬ್ಳಿ ಅದು. ಈ ಸಲ ಆವಮ್ಮನೇ ತಲೆ ಮ್ಯಾಲೆ ಹೊತ್ಕಂಡು ಬರ್ಬೇಕು ಅನ್ನು."

ಮಗಳು ನನ್ನ ಕಡೆ ತಿರುಗಿ ಅಷ್ಟನ್ನೂ ಹೇಳಿದಳು. ನನಗೆ ಎದೆ ತುಂಬಿ ಬಂತು. ಅವರ ಮನೆಯಲ್ಲಿ ಮೂರು ವರ್ಷಕ್ಕೊಮ್ಮೆ ಅಂಗಳದಲ್ಲಿ ಕಂಬಳಿ ಹಾಸಿ, ಅದರ ಮೇಲೆ ಮನೆದೇವರನ್ನು ಕೂರಿಸಿ ಪೂಜೆ ಮಾಡುತ್ತಾರೆ. ಅದನ್ನೇ ಗದ್ದಿಗೆ ಎನ್ನುವುದು. ಕಂಬಳಿಯನ್ನು ಒಳಗಿನಿಂದ ಹೊತ್ತು ತರುವುದು ಆ ಮನೆಯ ಸೊಸೆ. ಹಿಂದಿನ ಗದ್ದಿಗೆಯ ಹೊತ್ತಿಗೆ ಮಗ ಹುಟ್ಟಿ ನಾನು ಬಾಣಂತಿ, ಹೋಗಿರಲಿಲ್ಲ. ಈಗ ಕರೆಯುತ್ತಿದ್ದಾರೆ, ಜೊತೆಗೆ ದೇವರ ಕಂಬಳಿಯನ್ನೇ ನನ್ನ ಕೈಗೆ ಒಪ್ಪಿಸಿದ್ದಾರೆ. ಇದರಲ್ಲಿ ಎಡವಿದರೆ ಇನ್ನು ಆರು ವರ್ಷ ಬಾಗಿಲೇ ಗತಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎರಡರಲ್ಲಿ ದೇವರ ಕಂಬಳಿ ಯಾವುದು ಎಂದು ಮಾವ ಹೇಳಲಿಲ್ಲ. ಅವರಿಗೆ ಅದು ಹೇಳಬೇಕಾದ ವಿಷಯವೇ ಆಗಿರಲಿಲ್ಲ. ನಾನೂ ಕೇಳಲಿಲ್ಲ, ಕೇಳುವಷ್ಟು ಮಾತು ನಮ್ಮ ನಡುವೆ ಇರಲಿಲ್ಲ. ಅವರು ಬಸ್ಸಿಗೆ ಹೋದ ಮೇಲೆ ಗಂಟು ಬಿಚ್ಚಿದೆ. ಒಂದು ಕಂಬಳಿ ಕಪ್ಪಗೆ, ಅಚ್ಚುಕಟ್ಟಾಗಿ, ಒಗೆದು ಮಡಿಸಿದ್ದು. ಇನ್ನೊಂದರ ಅಂಚು ಸವೆದಿತ್ತು, ಹೊಗೆ ವಾಸನೆ ಬರುತ್ತಿತ್ತು, ಎಂದೂ ನೀರು ಕಂಡಂತಿರಲಿಲ್ಲ. ಮೈತುಂಬ ಹಳದಿ ಕಲೆ. ಮಾವ ಉಣ್ಣುವಾಗ ಸ್ವಲ್ಪ ಚೆಲ್ಲುತ್ತಾರೆ. ಬೇಳೆಸಾರಿನ ಕಲೆ ಎಂದು ನಾನು ಒಂದೇ ನೋಟಕ್ಕೆ ತೀರ್ಮಾನಿಸಿದೆ. ಒಗೆದ ಕಂಬಳಿಯನ್ನು ಕಣ್ಣಿಗೊತ್ತಿಕೊಂಡು, ಹೊಸ ಪಂಚೆಯಲ್ಲಿ ಸುತ್ತಿ, ಬೇವಿನೆಲೆ ಹಾಕಿ, ಅಟ್ಟದ ಮೇಲಿಟ್ಟೆ.

ಆ ವಾರವೇ ಮಗಳ ಸ್ಕೂಲಿನಿಂದ ಚೀಟಿ ಬಂತು. ಶನಿವಾರ ಬೆಳಿಗ್ಗೆ ಕಾರ್ಯಕ್ರಮ, ಮಕ್ಕಳೆಲ್ಲ ನಮ್ಮ ಸುತ್ತಲಿನ ಪ್ರಾಣಿಗಳ ವೇಷ ಹಾಕಬೇಕು, ನಿಮ್ಮ ಮಗಳಿಗೆ ಕುರಿ ಬಂದಿದೆ. ಬಾಡಿಗೆಗೆ ಬಿಳಿ ಕುರಿಯ ಡ್ರೆಸ್ ಸಿಗುತ್ತದೆ ಎಂದು ಟೀಚರ್ ಹೇಳಿದರು. ಬಿಳಿ ಕುರಿ! ಕುರಿ ಕಾಯುವ ಮನೆಯ ಮೊಮ್ಮಗಳು ಹತ್ತಿ ಅಂಟಿಸಿದ ಬಿಳಿ ಕುರಿಯಾಗುವುದೇ? "ನಮ್ ಕಡೆ ಕುರಿ ಕರೀ ಇರ್ತಾವೆ ಮೇಡಂ. ನಾನು ಮನೇಲೇ ಹೊಲಿತೀನಿ" ಎಂದೆ. ಪಕ್ಕದಲ್ಲಿದ್ದ ಮಗಳು ಆಗಲೇ ಅಳಲು ಶುರುಮಾಡಿದಳು.

ಮಂಗಳವಾರ ಕಲೆಯ ಕಂಬಳಿಯನ್ನು ನೆಲಕ್ಕೆ ಹಾಸಿ ಕತ್ತರಿ ಹಾಕಿದೆ. ಕಂಬಳಿ ನೇಯುವಾಗ ನೂಲಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ, ಒಗೆಯದಿದ್ದರೆ ಅದು ರಟ್ಟಿನಂತೆ ನಿಲ್ಲುತ್ತದೆ. ಮೂರು ಸೂಜಿ ಮುರಿದವು. ಬೆನ್ನು, ಹೊಟ್ಟೆ, ನಾಲ್ಕು ಕಾಲು, ತಲೆಗೆ ಟೋಪಿ, ಎರಡು ಕಿವಿ, ಬಾಲ. ಕಾಲುಗಳನ್ನು ಹೊಲಿದು ಬಿಟ್ಟರೆ ತಾವೇ ನಿಲ್ಲುತ್ತಿದ್ದವು. ಟೋಪಿ ಕತ್ತರಿಸುವಾಗ ದೊಡ್ಡದೊಂದು ಹಳದಿ ಕಲೆ ಸಿಕ್ಕಿತು. ಮುಚ್ಚಿಡುವುದಕ್ಕಿಂತ ಅದನ್ನು ಸರಿಯಾಗಿ ಹಣೆಯ ನಡುವೆ ಬರುವಂತೆ ಇಟ್ಟರೆ ಬೊಟ್ಟು ಇಟ್ಟ ಹಾಗೆ ಲಕ್ಷಣವಾಗಿ ಕಾಣುತ್ತದೆ ಎನಿಸಿತು. ಹಾಗೇ ಇಟ್ಟು ಹೊಲಿದೆ. ಇಂಥ ಕಡೆ ನನ್ನ ತಲೆ ಬಹಳ ಚುರುಕು.

ಮಗಳಿಗೆ ಹಾಕಿದೆ. ಅವಳು ಕನ್ನಡಿ ನೋಡಿದಳು. ಅಳಲಿಲ್ಲ. ಅವಳು ನಿಧಾನವಾಗಿ ನೆಲಕ್ಕೆ ಕೈಯೂರಿ, "ಬ್ಯಾ" ಎಂದಳು. ಅಷ್ಟೇ, ಆಮೇಲೆ ಅದನ್ನು ಬಿಚ್ಚಲೇ ಇಲ್ಲ. ಊಟ ಅದರಲ್ಲೇ, ಆಟ ಅದರಲ್ಲೇ. ತಮ್ಮನಿಗೆ ತನ್ನ ಬಾಲ ಹಿಡಿಸಿಕೊಂಡು ಮನೆತುಂಬ ಓಡಾಡಿದಳು. ಐದು ವರ್ಷಕ್ಕೆ ಮೊದಲ ಬಾರಿ ನಾನು ಹೊಲಿದದ್ದು ನನ್ನ ಮಗಳಿಗೆ ಹಿಡಿಸಿತ್ತು. ಖುಷಿಗೆ ನಾನು ಬೀದಿಯ ಎಂಟು ಮನೆಗೆ ಫೋಟೋ ಕಳಿಸಿದೆ.

ಸಂಜೆ ಮನೆಯವರು ಕೊರಳಲ್ಲಿ ಪೀಪಿ ಹಾಕಿಕೊಂಡೇ ಬಂದರು. ಮಗಳು ಹಿತ್ತಲಲ್ಲಿ ಮೇಯುತ್ತಿದ್ದಳು. ಹಾಲ್‌ನಲ್ಲಿ ಬಿದ್ದಿದ್ದ ಉಳಿದ ಕಂಬಳಿಯನ್ನು ಎತ್ತಿ ಹಿಡಿದು, ಅದರ ತೂತಿನೊಳಗಿಂದ ನನ್ನನ್ನೇ ನೋಡಿದರು.

"ಇದೇನೇ ಇದು?"

"ಮಾವನ ಹಳೇ ಕಂಬ್ಳಿ. ಏನಾರ ಮಾಡ್ಕಳ್ಳಿ ಅಂದಿದ್ರಲ್ಲ."

"ಲೇ, ಈ ಅರಿಶಿನ ಕಾಣ್ಲಿಲ್ವಾ ನಿಂಗೆ?"

"ಬೇಳೆಸಾರಲ್ವಾ?"

ಅವರು ಹಾಗೇ ನೆಲದ ಮೇಲೆ ಕೂತುಬಿಟ್ಟರು. ಅದು ಭಂಡಾರ. ಪ್ರತಿ ಗದ್ದಿಗೆಯಲ್ಲೂ ಕಂಬಳಿಗೆ ಎರಚಿದ್ದು. ಅವರ ತಾತನ ಕಾಲದಿಂದ ಎರಚಿದ್ದು. ದೇವರ ಕಂಬಳಿಯನ್ನು ಅದಕ್ಕೇ ಒಗೆಯುವುದಿಲ್ಲ. ನಾನು ಪಂಚೆಯಲ್ಲಿ ಸುತ್ತಿ ದಿನಾ ಕೈಮುಗಿಯುತ್ತಿದ್ದದ್ದು ಮಾವ ಹೊದೆಯುವ ಕಂಬಳಿಗೆ. ಬಿಚ್ಚಿ ಮತ್ತೆ ಸೇರಿಸಿ ಹೊಲಿದುಬಿಡುತ್ತೇನೆ ಎಂದೆ. ಗದ್ದಿಗೆಗೆಂದು ಕಂಬಳಿ ಒಯ್ಯಲು ಮಾವ ಬರುವುದು ಶನಿವಾರ ಸಂಜೆ, ಕಾರ್ಯಕ್ರಮ ಬೆಳಿಗ್ಗೆ. ಮಧ್ಯೆ ನಾಲ್ಕೈದು ಗಂಟೆ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. "ನಿನ್ ಹೊಲಿಗೇಲಿ?" ಎಂದು ಮನೆಯವರು ಕೇಳಿದರು. ಅಷ್ಟರಲ್ಲಿ ಒಳಗೆ ಬಂದ ಕುರಿ ಸಾರನ್ನದ ತಟ್ಟೆಯನ್ನು ಮೈಮೇಲೆ ಚೆಲ್ಲಿಕೊಂಡಿತು. ಈಗ ನಿಜವಾದ ಬೇಳೆಸಾರೂ ಬಿದ್ದ ಹಾಗಾಯಿತು.

ಶನಿವಾರ ಸ್ಕೂಲಿನ ಅಂಗಳದಲ್ಲಿ ಶಾಮಿಯಾನ, ಸ್ಟೇಜು. ಹಸು ಬಂತು, ಹುಲಿ ಬಂತು, ಮೊಲ ಅರ್ಧ ದಾರಿಯಲ್ಲಿ ಅಮ್ಮನನ್ನು ಕಂಡು ಅತ್ತು ವಾಪಸ್ ಹೋಯಿತು. ಆಮೇಲೆ ನಮ್ಮ ಕುರಿ ನಾಲ್ಕು ಕಾಲಲ್ಲಿ ಬಂದು, ನಡುವೆ ನಿಂತು, ಮೈಕಿನ ಹತ್ತಿರ ಬಾಯಿ ಇಟ್ಟು "ಬ್ಯಾ" ಎಂದಿತು. ಜನ ನಕ್ಕರು. ನಾನು ಚಪ್ಪಾಳೆಗೆ ಕೈ ಎತ್ತಿದ್ದೆ.

"ಲೇ ಲೇ ಲೇ! ತಡೀರ್ಲೇ!"

ಹಿಂದಿನಿಂದ ಗುಡುಗಿದಂತಾಯಿತು. ಮಾವ! ತಲೆಗೆ ರುಮಾಲು, ಹೆಗಲಿಗೆ ಹಳೆಯ ಟವೆಲ್ಲು, ಕೈಯಲ್ಲಿ ಕೋಲು. ಮೊಮ್ಮಗಳು ಫೋನಿನಲ್ಲಿ "ತಾತ, ನಾನು ಕುರಿ ಆಗ್ತೀನಿ" ಎಂದಿದ್ದಳಂತೆ. ನೋಡಲು ಬೆಳಗಿನ ಮೊದಲ ಬಸ್ಸಿಗೇ ಹೊರಟು ನೇರ ಸ್ಕೂಲಿಗೆ ಬಂದಿದ್ದರು.

"ಯಾರ್ಲೇ ನನ್ ಮೊಮ್ಮಗಳ ಹಣೆಗೆ ಭಂಡಾರ ಬಳ್ದೋರು? ಕೂಸನ್ನ ದೇವ್ರಿಗೆ ಬಿಡಾಕೆ ನಿಂತಿರೇನ್ರೋ!"

ಆಗ ನನಗೆ ಹೊಳೆಯಿತು. ಅವರ ಕಡೆ ದೇವರಿಗೆಂದು ಬಿಟ್ಟ ಕುರಿಯ ಹಣೆಗೆ ಅರಿಶಿನ ಬಳಿದು ಗುರುತು ಮಾಡುತ್ತಾರೆ. ಆಮೇಲೆ ಆ ಕುರಿಯ ಗತಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಲಕ್ಷಣವಾಗಿರಲಿ ಎಂದು ಹೆತ್ತ ಮಗಳಿಗೇ ಆ ಗುರುತು ಇಟ್ಟು ಸ್ಟೇಜಿಗೆ ಕಳಿಸಿದ್ದೆ.

ಮಾವ ಕುರ್ಚಿಗಳನ್ನು ಸರಿಸಿಕೊಂಡು ಸ್ಟೇಜ್ ಹತ್ತಿದರು. ಮರಿಯನ್ನು ಎತ್ತುವಂತೆ ಒಂದೇ ಕೈಯಲ್ಲಿ ಮೊಮ್ಮಗಳನ್ನು ಕಂಕುಳಿಗೆ ಸೇರಿಸಿ, ಇನ್ನೊಂದು ಕೈಯಲ್ಲಿ ಕೋಲು ಎತ್ತಿ ಜನರನ್ನು ಗದರುತ್ತಾ ಇಳಿದರು. ಅವಳು ಕಂಕುಳಲ್ಲೇ "ಬ್ಯಾ, ಬ್ಯಾ" ಎನ್ನುತ್ತಿದ್ದಳು. ಶಾಮಿಯಾನವೇ ಹಾರಿಹೋಗುವಂಥ ಚಪ್ಪಾಳೆ. ಕುರಿಗಾಹಿಯ ಪಾತ್ರಧಾರಿಯನ್ನೂ ಜೊತೆಗೆ ಕರೆತಂದದ್ದು ಬಹಳ ಸಹಜವಾಗಿತ್ತು ಎಂದು ಹೊಗಳಿ ತೀರ್ಪುಗಾರರು ಮೊದಲ ಬಹುಮಾನ ಕೊಟ್ಟರು. ಒಂದು ಟಿಫನ್ ಡಬ್ಬಿ.

ಗೇಟಿನ ಹತ್ತಿರ ಮಾವ ಅವಳನ್ನು ಇಳಿಸಿ ಹಣೆಯ ಹಳದಿಯನ್ನು ಉಜ್ಜಲು ಹೋದರು. ಬೆರಳು ಅಲ್ಲೇ ನಿಂತಿತು. ಟೋಪಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು, ಮೂಸಿದರು. ಮುಖ ಕಪ್ಪಿಟ್ಟಿತು. ನಂತರ ಮಗನ ಕಡೆಗೂ ನೋಡಲಿಲ್ಲ, ಮೊಮ್ಮಗಳ ಕಡೆಗೂ ನೋಡಲಿಲ್ಲ. ನೇರವಾಗಿ ನನ್ನ ಮುಖಕ್ಕೇ ಹೇಳಿದರು.

"ಏನವ್ವಾ, ನಿಂಗೆ ಕಣ್ಣು ಕಾಣಲ್ವಾ? ದೇವ್ರ ಕಂಬ್ಳಿ ಕಣವ್ವಾ ಇದು!"

ಆರು ವರ್ಷದಲ್ಲಿ ಅವರು ನನಗೆಂದು ಆಡಿದ ಮೊದಲ ಮಾತು. ಹೆದರಬೇಕಾದ ಹೊತ್ತಿನಲ್ಲಿ ನಾನು ಮನೆಯವರ ತೋಳು ಹಿಡಿದು, "ರೀ, ಮಾವ ನನ್ನ ಮಾತಾಡಿಸಿದ್ರು!" ಎಂದೆ. ಅವರು ನನ್ನನ್ನು ಹುಚ್ಚಿಯೆಂಬಂತೆ ನೋಡಿದರು.

ಧೈರ್ಯ ಎಲ್ಲಿಂದ ಬಂತೋ, ನಾನೂ ಬಾಗಿಲನ್ನು ಬಿಟ್ಟು ನೇರವಾಗಿ ಹೇಳಿದೆ.

"ಯಾವ್ದು ದೇವ್ರದು ಅಂತ ನೀವು ಹೇಳ್ಲಿಲ್ಲ ಮಾವ."

"ಕೇಳ್ಬೇಕಿತ್ತು."

"ನೀವು ಮಾತಾಡ್ಸಿದ್ರೆ ಕೇಳ್ತಿದ್ದೆ."

ಮನೆಯವರು ಗಾಬರಿಯಲ್ಲಿ ಪೀಪಿಯನ್ನು ಬಾಯಿಗಿಟ್ಟುಕೊಂಡಿದ್ದರು. ಮಗಳು ಟಿಫನ್ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಮನೀಗೆ ಹೋಗಾಣ ನಡೀರಿ" ಎಂದರು. ಅದು ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ.

ಮನೆಯಲ್ಲಿ ಉಳಿದ ಕಂಬಳಿಯನ್ನು ಅವರ ಮುಂದೆ ಹಾಸಿದೆ. ನಡುವೆ ಕುರಿಯಾಕಾರದ ತೂತುಗಳು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಫೋನಿನಲ್ಲಿ ಸಂಗತಿ ಕೇಳಿ, "ಅಯ್ಯೋ ಶಿವನೇ, ಕತ್ರಿ ಬಿದ್ದ ಕಂಬ್ಳಿ ಗದ್ದಿಗಿಗೆ ಬರ್ತೈತಾ? ಹಿರೇರು ಒಪ್ತಾರಾ?" ಎಂದರು. ಗದ್ದಿಗೆಯ ದಿನ ಊರ ಹಿರಿಯರು ಕಂಬಳಿ ನೋಡಿ ಒಪ್ಪಿದ ಮೇಲೇ ದೇವರು ಕೂರುವುದು. ಒಪ್ಪದಿದ್ದರೆ ಎಲ್ಲರ ಎದುರು ತಲೆ ತಗ್ಗಿಸಬೇಕಾದವರು ಮಾವ.

ಮಾವ ತೂತುಗಳ ಅಂಚನ್ನು ಬೆರಳಲ್ಲಿ ಸವರುತ್ತಾ ಬಂದರು. ಕೊನೆಗೆ ಹೇಳಿದರು.

"ನೇಯೋನೂ ಎರ್ಡು ಪಟ್ಟಿ ನೇಯ್ದು ಸೇರ್ಸಿ ಹೊಲದೇ ಕಂಬ್ಳಿ ಮಾಡದು. ಉಣ್ಣೆ ದಾರ್ದಾಗೆ, ಕೈಯಾಗೆ ಹೊಲಿದ್ರೆ ಹೊಲಿಗೆ ತಪ್ಪಲ್ಲ. ಮಿಷಿನ್ನು ಮುಟ್ಟಂಗಿಲ್ಲ. ಕತ್ತರಿಸ್ದೋಳೇ ಹೊಲೀಬೇಕು."

ಗದ್ದಿಗೆಗೆ ಒಂಬತ್ತು ದಿನ ಉಳಿದಿತ್ತು. ಮಾವ ಕುರಿ ನೋಡಿಕೊಳ್ಳಲು ತಮ್ಮನಿಗೆ ಫೋನು ಮಾಡಿದರು. ಕರಿ ಉಣ್ಣೆಯನ್ನೂ ನೂಲುವ ಕದಿರನ್ನೂ ಬಸ್ಸಿನಲ್ಲಿ ಕಳಿಸಲು ಅತ್ತೆಗೆ ಹೇಳಿದರು. ನಮ್ಮ ಮನೆಯಲ್ಲೇ ಉಳಿದರು.

ಮೊದಲ ತೊಡಕು ಮಗಳದ್ದು. ಅವಳು ಕುರಿಯನ್ನು ಬಿಚ್ಚಿಕೊಡಲು ಒಪ್ಪಲಿಲ್ಲ. ನಾನು ಅಂಗಡಿಯ ಫ್ರಾಕು ಕೊಡಿಸುತ್ತೇನೆ ಎಂದೆ. "ಅಂಗಡೀದು ಬ್ಯಾಡ, ಅಮ್ಮ ಹೊಲ್ದಿದ್ದೇ ಬೇಕು" ಎಂದು ನೆಲಕ್ಕೆ ಬಿದ್ದು ಹೊರಳಾಡಿದಳು. ಐದು ವರ್ಷ ಈ ಮಾತಿಗಾಗಿ ಕಾದಿದ್ದೆ, ಈಗ ಬಂದು ಕಾಲಿಗೆ ತೊಡರಿತು.

ಮಾವ ಅವಳನ್ನು ಕರೆದು, "ಏನವ್ವ, ಕುರಿ ಅಂದ್ಮೇಲೆ ವರ್ಷಕ್ಕೆರ್ಡು ಸಲ ಉಣ್ಣೆ ಕತ್ತರಿಸ್ಕಳ್ಬೇಕು. ಕತ್ತರಿಸ್ಕಳ್ದಿದ್ರೆ ಅದು ಕುರಿ ಅಲ್ಲ, ಮೇಕೆ" ಎಂದರು. ಅವಳಿಗೆ ಮೇಕೆಯಾಗುವುದು ಬೇಕಿರಲಿಲ್ಲ. ಮಾವ ಅವಳನ್ನು ಎತ್ತಿ ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡರು, ನಾಲ್ಕು ಕಾಲನ್ನೂ ಒಂದು ಕೈಯಲ್ಲಿ ಹಿಡಿದರು, ನನ್ನ ಕತ್ತರಿ ತೆಗೆದುಕೊಂಡು ಹೊಟ್ಟೆಯ ಕಡೆಯಿಂದ ಹೊಲಿಗೆ ಬಿಚ್ಚುತ್ತಾ ಬಂದರು. ನಾನು ತಲೆ ಬಾಚುವಾಗ ಕ್ಷಣವೂ ನಿಲ್ಲದ ಹುಡುಗಿ ಕಿವಿಯ ತನಕ ಕತ್ತರಿ ಬಂದರೂ ಮಿಸುಕಲಿಲ್ಲ. ಎಲ್ಲ ಬಿಚ್ಚಿಯಾದ ಮೇಲೆ ಎದ್ದು ಚಳಿಯಾದವಳಂತೆ ಮೈ ನಡುಗಿಸಿದಳು. "ಹ್ಞಾಂ, ಈಗ ಹೊಸ ಉಣ್ಣೆ ಬರ್ತೈತೆ" ಎಂದರು ಮಾವ. ಅವಳಿಗೆ ಹೊಸ ಕುರಿ ಹೊಲಿಯಲೆಂದು ಅವರದೇ ಕಂಬಳಿಯನ್ನು ಅಟ್ಟದಿಂದ ಇಳಿಸಿ ಕತ್ತರಿಸಲು ನನಗೆ ಅಪ್ಪಣೆಯಾಯಿತು. ಕತ್ತರಿ ಹಾಕುವ ಮುಂಚೆ ನಾನು ಮೂರು ಸಲ ಕೇಳಿದೆ.

ಆಮೇಲಿನ ಎಂಟು ದಿನ ನಾವಿಬ್ಬರೂ ಹಾಲ್‌ನಲ್ಲಿ ಎದುರುಬದುರು ಕೂತೆವು. ಮಾವ ಕದಿರು ತಿರುಗಿಸಿ ನೂಲು ತೆಗೆಯುವರು, ನಾನು ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ ಅದನ್ನು ಪೋಣಿಸಿ ತುಂಡುಗಳನ್ನು ಜೋಡಿಸುವುದು. ಒಂದು ಗೇಣು ಹೊಲಿದು ತೋರಿಸಿದರೆ ಅವರು ಕಂಬಳಿಯನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಮುಂದಿನ ಬದಿಯನ್ನು ನೋಡುತ್ತಲೇ ಇರಲಿಲ್ಲ.

"ಬಿಚ್ಚು."

ಬಿಚ್ಚುತ್ತಿದ್ದೆ. ಮತ್ತೆ ಹೊಲಿಯುತ್ತಿದ್ದೆ. "ಬಿಚ್ಚು." ಮೊದಲ ಮೂರು ದಿನ ಮಾವ ನನ್ನೊಡನೆ ಆಡಿದ್ದು ಈ ಒಂದೇ ಮಾತು, ಆದರೆ ನೂರು ಸಲ ಆಡಿದರು. ಒಂದು ಸಲ ನನಗೆ ರೇಗಿ, "ನೀವೇ ಹೊಲೀರಿ ಮಾವ, ನೋಡಾಣ" ಎಂದು ದಬ್ಬಣ ಮುಂದೆ ಇಟ್ಟೆ. ಅವರು ಮೀಸೆಯಲ್ಲಿ ನಕ್ಕು, "ನಂಗೆ ಬರಲ್ಲವ್ವ, ಬಿಚ್ಚಾಕೆ ಬರ್ತೈತೆ ಅಷ್ಟೆ" ಎಂದರು. ಆಮೇಲೆ ತಾನಾಗಿ ಮಾತು ಬಂತು. ಎಷ್ಟು ಎಳೆದರೆ ನೂಲು ಮುರಿಯುತ್ತದೆ, ಯಾವ ಕುರಿಯ ಉಣ್ಣೆ ಮೆತ್ತಗೆ, ಅವರಪ್ಪ ಈ ಕಂಬಳಿಯನ್ನು ಮೊದಲ ಸಲ ಹಾಸಿದ ದಿನ ತಾವು ಎಷ್ಟು ಚಿಕ್ಕವರಾಗಿದ್ದರು. ನಮ್ಮಪ್ಪನ ಅಂಗಡಿಯ ಬಗ್ಗೆ ಕೇಳಿದರು. ನಾಲ್ಕನೇ ದಿನದ ಹೊತ್ತಿಗೆ ಬೆರಳ ತುದಿಯೆಲ್ಲ ತೂತು. ಐದನೇ ದಿನ ಅವರು ಹಿಂಬದಿ ನೋಡಿ ಏನೂ ಹೇಳದೆ ಕದಿರು ತಿರುಗಿಸತೊಡಗಿದರು. ನನಗೆ ಅಷ್ಟು ಸಂತೋಷ ಪಿ.ಯು.ಸಿ. ಪಾಸಾದಾಗಲೂ ಆಗಿರಲಿಲ್ಲ.

ಗದ್ದಿಗೆಯ ದಿನ ಬೆಳಿಗ್ಗೆ ಹಳ್ಳಿಯ ಮನೆಯ ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಒಳಗಿನಿಂದ ಕಂಬಳಿಯನ್ನು ತಲೆ ಮೇಲೆ ಹೊತ್ತು ಹೊರಟೆ. ಹೊಲಿಗೆಯೆಲ್ಲ ಒಳಗಾಗುವಂತೆ ಮಡಿಸಿದ್ದೆ. ಇಷ್ಟೆಲ್ಲ ಆದ ಮೇಲೂ ಹಿರಿಯರು ಒಲ್ಲೆ ಎಂದರೆ ಮಾವನ ಮುಖವನ್ನು ಹೇಗೆ ನೋಡುವುದು?

ಊರಿಗೆ ಹಿರಿಯರಾದ ಮುದುಕರೊಬ್ಬರು ಕಂಬಳಿ ಇಳಿಸಿಕೊಂಡು ಬಿಚ್ಚಿದರು. ಬಿಸಿಲಿನಲ್ಲಿ ಒಂದೊಂದು ಹೊಲಿಗೆಯೂ ಎದ್ದು ಕಂಡಿತು.

"ಏನಪ್ಪಾ, ಕಂಬ್ಳಿಗೆ ಏನಾಗೈತೆ?"

"ಹರ್ದಿತ್ತು" ಎಂದರು ಮಾವ. "ಸೊಸೆ ಹೊಲದ್ಲು."

"ಹರ್ದಿರ್ಲಿಲ್ಲ ತಾತ, ಅಮ್ಮ ಕತ್ರೀಲಿ" ಎಂದು ನನ್ನ ಮಗಳು ಶುರುಮಾಡಿದಳು. ಮಾವ ಅವಳ ಬಾಯಿಗೆ ದೊಡ್ಡದೊಂದು ಬೆಲ್ಲದ ತುಂಡು ತುರುಕಿದರು.

ಹಿರಿಯರು ಕಂಬಳಿ ತಿರುವಿ ಹಾಕಿ ಹಿಂಬದಿ ನೋಡಿದರು. ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿ ಉದ್ದಕ್ಕೂ ಎಳೆದರು. "ಗಟ್ಟಿ ಐತೆ" ಎಂದರು. ನಂತರ ತಲೆ ಎತ್ತಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಈಕೆ ಯಾರ ಮನೆ ಹೆಣ್ಮಗಳಪ್ಪಾ?" ಎಂದು ಕೇಳಿದರು.

ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಎಷ್ಟು ಕಡೆ ಕೇಳಿಸಿಕೊಂಡಿದ್ದೆನೋ. ಮನೆಯವರು ಪ್ರತಿ ಸಲವೂ ಕಾಲೇಜಿನಿಂದ ಶುರುಮಾಡಿ ಉದ್ದಕ್ಕೆ ಉತ್ತರ ಕೊಡುತ್ತಿದ್ದರು, ಕೊನೆಗೆ ಎಲ್ಲರೂ "ಓಹೋ" ಎನ್ನುತ್ತಿದ್ದರು. ಆ "ಓಹೋ" ನನಗೆ ಪ್ರತಿ ಸಲ ನೋಯುತ್ತಿತ್ತು. ಈಗಲೂ ಅವರು ಬಾಯಿ ತೆರೆದರು. ಮಾವ ಕೈ ಅಡ್ಡ ಮಾಡಿದರು.

"ನಮ್ಮನೇದು."

"ಅದಲ್ಲಪ್ಪಾ, ತವ್ರು ಯಾವ್ದು ಅಂತ ಕೇಳ್ದೆ."

"ಹೇಳಿದ್ನಲ್ಲ, ನಮ್ಮನೇದು. ದೇವ್ರನ್ನ ಎಷ್ಟೊತ್ತು ಬಿಸ್ಲಾಗೆ ನಿಲ್ಲಿಸ್ತೀರಿ? ಬಾರವ್ವಾ, ಹಾಸು."

ನಾನು ಬಗ್ಗಿ ಹಾಸಿದೆ. ಕಣ್ಣು ತುಂಬಿ ಮೂಲೆಗಳೇ ಕಾಣುತ್ತಿರಲಿಲ್ಲ.

"ಸೊಟ್ಟ ಆಯ್ತು ನೋಡು, ಬಲಕ್ಕೆ ಎಳಿ" ಎಂದು ಮಾವ ಅಷ್ಟು ಜನರ ಮುಂದೆ ನನಗೆ ಗದರಿದರು.

ನಾನು ಬಲಕ್ಕೆ ಎಳೆದೆ.